ಯಡಿಯೂರಿಗೆ ನಡ್ಕೋತೀರಾ?

ನಮ್ಮ ಅಡುಗೆಮನೆಯ ರಾಗಿಹಿಟ್ಟಿನ ಡಬ್ಬಿಯೊಳಗೆ ಒಂದು ಕಪ್ ಇದೆ. ಕಾಫಿ ಕುಡಿಯುವ ಕಪ್ ಅಲ್ಲ, ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಕಪ್. ಗೇಣುದ್ದಕ್ಕಿಂತ ಕಡಿಮೆ, ಎರಡು ಕಿವಿ, ಸಣ್ಣ ಕುತ್ತಿಗೆ, ಕೆಳಗೊಂದು ಪೀಠ. ಕಿವಿಗಳಲ್ಲಿ ಒಂದು ಉದುರಿ ಎಷ್ಟೋ ವರ್ಷವಾಯಿತು. ಬೆಳ್ಳಿಯ ಹೊಳಪು ಹೋಗಿ ಒಳಗಿನ ಹಿತ್ತಾಳೆ ಹಲ್ಲು ಕಿರಿಯುತ್ತಿದೆ. ಒಂದು ಕಪ್ ಹಿಟ್ಟಿಗೆ ಎರಡು ಮುದ್ದೆ ಎಂಬುದು ನಮ್ಮ ಮನೆಯ ಅಳತೆ. ಬೇರೆಯವರ ಮನೆಯಲ್ಲಿ ಕಪ್‌ಗಳು ಗಾಜಿನ ಬೀರುವಿನಲ್ಲಿ ಕೂತು ಬಂದವರಿಗೆ ದರ್ಶನ ಕೊಡುತ್ತವೆ. ನನ್ನದು ದಿನಕ್ಕೆರಡು ಸಲ ಹಿಟ್ಟಿನೊಳಗೆ ಮುಳುಗಿ ಎದ್ದು ದುಡಿದು ತಿನ್ನುತ್ತದೆ.

ಮೊನ್ನೆ ನಾಲ್ಕನೇ ಕ್ಲಾಸಿನ ನನ್ನ ಮಗಳು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು, ಪೀಠದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು.

"ವಾಕಿಂಗ್ ರೇಸ್. ಫಸ್ಟ್. ಅಮ್ಮಾ, ಇದು ಯಾರ್ದು?"

"ನಂದೇ."

"ನೀನಾ? ಫಸ್ಟಾ?" ಎಂದವಳು ಬಿಕ್ಕಳಿಕೆ ಬರುವವರೆಗೂ ನಕ್ಕಳು. ನನ್ನ ನಡಿಗೆಯ ಬಗ್ಗೆ ಅವಳಿಗೆ ಅವಳದೇ ಅಭಿಪ್ರಾಯಗಳಿವೆ. ಅದಕ್ಕೆ ಕಾರಣವೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಆ ಫಸ್ಟ್ ಬಂದ ಬಗೆಯನ್ನು ಪ್ರಾಮಾಣಿಕವಾಗಿ ಒಪ್ಪಿಸಿಬಿಡುತ್ತೇನೆ. ತುಮಕೂರಿನ ನಮ್ಮ ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ, ಓಡಲು ಬಾರದ ಹುಡುಗಿಯರಿಗೂ ಏನಾದರೊಂದು ಇರಲಿ ಎಂಬ ಕರುಣೆಯಿಂದ ಸಿಸ್ಟರ್‌ಗಳು ನಡಿಗೆಯ ಪಂದ್ಯ ಇಟ್ಟಿದ್ದರು. ಸೇರಿದವರು ಮೂವರು. ಮೊದಲು ಬಂದವಳು ಓಡಿದಳೆಂದು ಅವಳನ್ನು ತೆಗೆದುಹಾಕಿದರು. ಎರಡನೆಯವಳಿಗೆ ಅರ್ಧ ದಾರಿಯಲ್ಲಿ ಶೂ ಲೇಸ್ ಬಿಚ್ಚಿ, ಅವಳು ಅಳುತ್ತ ಹೋಗಿ ಅಮ್ಮನ ಪಕ್ಕ ಕೂತಳು. ನಾನು ಏನೂ ಗೊತ್ತಿಲ್ಲದೆ ನಡೆಯುತ್ತಲೇ ಇದ್ದೆ. ಹೀಗೆ ಕಪ್ ನನ್ನದಾಯಿತು.

ಕಾನ್ವೆಂಟಿನಲ್ಲಿ ನಡೆಯುವುದನ್ನು ತಲೆಯ ಮೇಲೆ ಪುಸ್ತಕವಿಟ್ಟು ಕಲಿಸುತ್ತಿದ್ದರು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಹೆಜ್ಜೆಯ ಸದ್ದು ಕೇಳಬಾರದು. ನನ್ನ ತಲೆಯ ಮೇಲೆ ಯಾವಾಗಲೂ ಭೂಗೋಳದ ಪುಸ್ತಕವೇ ಇರುತ್ತಿತ್ತು. ಅದು ತಲೆಯೊಳಕ್ಕೆ ಮಾತ್ರ ಎಂದೂ ಇಳಿಯಲಿಲ್ಲ. ಇಷ್ಟೆಲ್ಲ ತರಬೇತಿ ಪಡೆದ ನಾನು ದೇವರಾಯನದುರ್ಗಕ್ಕೆ ಸ್ಕೂಲಿನಿಂದ ಪಿಕ್ನಿಕ್ ಹೋದಾಗ ಅರ್ಧ ಬೆಟ್ಟಕ್ಕೇ ಬಂಡೆಯ ಮೇಲೆ ಕೂತುಬಿಟ್ಟೆ. ಅರವತ್ತು ದಾಟಿದ ಸಿಸ್ಟರ್ ಒಬ್ಬರು ನಿಲುವಂಗಿ ಎತ್ತಿ ಹಿಡಿದು, ನನ್ನನ್ನು ದಾಟಿ, ತುದಿ ಮುಟ್ಟಿ, ಇಳಿಯುವಾಗಲೂ ನಾನು ಅಲ್ಲೇ ಇದ್ದೆ. ಬೆನ್ನು ಮಾತ್ರ ನೆಟ್ಟಗಿತ್ತು.

ಇಂಥವಳನ್ನು ನೋಡಲು ಒಂದು ಭಾನುವಾರ ಗಂಡಿನ ಕಡೆಯವರು ಬಂದರು. ಮೂಲ ಗುಬ್ಬಿಯವರು, ಮನೆ ಮಾಡಿರುವುದು ತುಮಕೂರಿನಲ್ಲಿ. ಹುಡುಗ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ತಂದೆ ತೀರಿಕೊಂಡು ಹದಿನೆಂಟು ವರ್ಷವಾಗಿ, ಮನೆಯ ಯಜಮಾನಿಕೆ ತಂದೆಯ ಅಣ್ಣನದು. ಅವರನ್ನೇ ನಾನು ಮುಂದೆ ದೊಡ್ಡಮಾವ ಎಂದು ಕರೆಯಬೇಕಾಯಿತು. ನಮ್ಮ ನಡುಮನೆಯಲ್ಲಿದ್ದ ಒಂದೇ ಒಂದು ಕೈಕುರ್ಚಿಯಲ್ಲಿ ಅವರು ಕೂತಿದ್ದರು. ಚಾಪೆಯ ಮೇಲೆ ಹುಡುಗನ ತಾಯಿ, ಮಾತೇ ಆಡದ ತೆಳ್ಳನೆಯ ಹೆಂಗಸು. ಅವರ ಪಕ್ಕದಲ್ಲಿ ಅವರ ತಂಗಿ, ಗುಬ್ಬಿಯಿಂದ ಬಂದವರು. ಅಕ್ಕನ ಪಾಲಿನ ಮಾತನ್ನೂ ಇವರೇ ಆಡುತ್ತಿದ್ದರು.

ದೊಡ್ಡಮಾವನಿಗೆ ಈ ಸಂಬಂಧ ಬೇಡವಾಗಿತ್ತು. "ಕಾನ್ವೆಂಟಲ್ಲಿ ಓದಿದೋರು ಮುದ್ದೆ ತಿರುವ್ತಾರಾ?" ಎಂದು ನನ್ನ ಅಪ್ಪನನ್ನು ಕೇಳಿದರು. ಅಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗನ ತಾಯಿ ಅಂದು ಮೊದಲ ಸಲ ಬಾಯಿಬಿಟ್ಟು ನನ್ನನ್ನು ಕೇಳಿದರು:

"ನೀವು ಯಡಿಯೂರಿಗೆ ನಡ್ಕೋತೀರಾ ತಾಯಿ?"

ಈ ಪ್ರಶ್ನೆಯಲ್ಲೇ ನನ್ನ ಜಾತಕವೆಲ್ಲ ಇತ್ತು. ನಮ್ಮ ಸೀಮೆಯಲ್ಲಿ ಒಂದು ದೇವರಿಗೆ 'ನಡ್ಕೊಳ್ಳೋದು' ಎಂದರೆ ಆ ದೇವರಿಗೆ ಒಕ್ಕಲಾಗಿರುವುದು. ವರ್ಷಕ್ಕೊಮ್ಮೆ ಹೋಗಿ ಹಣ್ಣುಕಾಯಿ ಮಾಡಿಸುವುದು, ಮನೆಯ ಮಗುವಿಗೆ ಅವನ ಹೆಸರಿಡುವುದು. ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಕಾರಿನಲ್ಲಿ ಹೋಗುವವರೂ ನಡ್ಕೊಳ್ಳುವವರೇ. ಊರಿನ ಮಕ್ಕಳಿಗೆಲ್ಲ ತಿಳಿದ ಈ ಮಾತು ನನಗೆ ತಿಳಿದಿರಲಿಲ್ಲ. ನನಗೆ ಕನ್ನಡ ವಾರಕ್ಕೆ ನಾಲ್ಕು ಪೀರಿಯಡ್‌ನ ಭಾಷೆ. ಮನೆಯಲ್ಲಿ ದೇವರ ವಿಷಯವನ್ನು ಅಮ್ಮ ಅಪ್ಪನಿಗೆ ಬಿಟ್ಟಿದ್ದಳು, ಅಪ್ಪ ಸೋಮವಾರಕ್ಕೆ ಬಿಟ್ಟಿದ್ದರು. ಬಾಗಿಲ ಹಿಂದಿನಿಂದ ಅಮ್ಮ "ಹೂಂ ಅನ್ನೇ" ಎಂದು ಪಿಸುಗುಟ್ಟಿದಳು. ಬರೀ ಹೂಂ ಅಂದಿದ್ದರೆ ಸಾಕಿತ್ತು. ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು ಎಂದು ಸಿಸ್ಟರ್ ಕಲಿಸಿದ್ದರಲ್ಲ!

"ಹೂಂ, ನಡ್ಕೊಂಡು ಹೋಗ್ತೀನಿ. ನಂಗೆ ನಡೆಯೋದು ಅಂದ್ರೆ ತುಂಬಾ ಇಷ್ಟ. ಸ್ಕೂಲಲ್ಲಿ ಫಸ್ಟ್ ಬಂದಿದೀನಿ, ಕಪ್ ಇದೆ."

"ಕಪ್ಪಾ?" ಎಂದರು ಗುಬ್ಬಿಯ ತಂಗಿ, ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡುತ್ತ. "ಎಲ್ಲಿ ಕಪ್ಪು? ಎಣ್ಣೆಗೆಂಪಗವ್ಳಲ್ಲ ಹುಡ್ಗಿ."

ಹುಡುಗನ ತಾಯಿ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದರು. ಅವರ ತುಟಿಯ ತುದಿ ಒಂದು ಗಳಿಗೆ ಅದುರಿತು. ಅಡಿಕೆಯ ಚೂರು ಹಲ್ಲಿಗೆ ಸಿಕ್ಕಿರಬೇಕು ಎಂದುಕೊಂಡೆ. ಆಮೇಲೆ ಅವರು ಕುರ್ಚಿಯ ಕಡೆ ತಿರುಗಿ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಮೆಲ್ಲಗೆ ಹೇಳಿದರು:

"ಭಾವನೋರೆ, ಹುಡುಗಿ ಹರಕೆ ಹೊತ್ತವ್ಳಂತೆ. ಮದುವೆ ಆದ್ಮೇಲೆ ಯಡಿಯೂರಿಗೆ ನಡ್ಕೊಂಡೇ ಬರ್ತೀನಿ ಅಂತ."

ದೊಡ್ಡಮಾವನ ಬಾಯಿ ಕಟ್ಟಿತು. ಸಾಕ್ಷಾತ್ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತ ಹುಡುಗಿಯನ್ನು ಬೇಡ ಎನ್ನುವುದು ಹೇಗೆ? ನನ್ನ ಬಾಯಿಯಂತೂ ಮೊದಲೇ ಕಟ್ಟಿತ್ತು. ದೊಡ್ಡವರು ಮಾತಾಡುವಾಗ ತಿದ್ದಬಾರದು ಎಂಬುದೂ ಕಾನ್ವೆಂಟಿನ ಪಾಠವೇ. ಹೀಗೆ ಒಂದು ಕ್ರಿಯಾಪದ ತಪ್ಪಿದ್ದಕ್ಕೆ ನನ್ನ ಮದುವೆಯಾಯಿತು. ವ್ಯಾಕರಣದ ತಪ್ಪಿಗೆ ಇಷ್ಟು ದೀರ್ಘ ಶಿಕ್ಷೆ ಬೇರೆ ಯಾರಿಗಾದರೂ ಸಿಕ್ಕಿದ್ದರೆ ನನಗೆ ತಿಳಿಸಿ.

ಮದುವೆಯಾಗಿ ಆ ಮನೆಗೆ ಹೋದ ಮೊದಲ ವಾರವೇ ಅತ್ತೆ ನನ್ನ ಟ್ರಂಕಿನಿಂದ ಕಪ್ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಸುಮ್ನೆ ಇಟ್ರೆ ಏನ್ ಬಂತು, ಅಳತೆಗಾಗತ್ತೆ" ಎಂದು ಹಿಟ್ಟಿನ ಡಬ್ಬಿಗೆ ಹಾಕಿದರು. ಹರಕೆಯನ್ನು ಮಾತ್ರ ಯಾರೂ ಡಬ್ಬಿಗೆ ಹಾಕಲಿಲ್ಲ. ಮರುವರ್ಷ ಶಿವರಾತ್ರಿ ಕಳೆದ ಮೇಲೆ ಹೊರಡುವುದೆಂದು ದೊಡ್ಡಮಾವ ತಮ್ಮ ನಡುಮನೆಯ ಕುರ್ಚಿಯಿಂದಲೇ ಘೋಷಿಸಿದರು. ಜಾತ್ರೆಯ ಗದ್ದಲ ಬೇಡ, ಅದಕ್ಕೂ ಮುಂಚೆ. ತುಮಕೂರಿನಿಂದ ಹೆಬ್ಬೂರು ಒಂದು ದಿನ, ಹೆಬ್ಬೂರಿನಿಂದ ಕುಣಿಗಲ್ ಒಂದು ದಿನ, ಕುಣಿಗಲ್‌ನಿಂದ ಯಡಿಯೂರು ಮೂರನೆಯ ದಿನ. ಬರಿಗಾಲು. ದಾರಿಯಲ್ಲಿ ಗಾಡಿಗೋ ಬಸ್ಸಿಗೋ ಕಾಲಿಟ್ಟರೆ ಹರಕೆ ಕೆಟ್ಟಿತು. ಮತ್ತೆ ತುಮಕೂರಿನಿಂದಲೇ ಶುರು.

"ಹರಕೆಯೋಳಿಗೆ ಜೊತೆ ಅಂತ ನಾವಿಬ್ರೂ ಹೋಗ್ತೀವಿ," ಎಂದರು ಅತ್ತೆ, ತಂಗಿಯನ್ನು, ಎಂದರೆ ನನ್ನ ಚಿಕ್ಕತ್ತೆಯನ್ನು, ತೋರಿಸಿ.

"ಜೊತೆಗೆ ತಾನೇ? ಸರಿ. ಅವ್ಳು ಬಸ್ಸು ಹತ್ತಿದ್ರೆ ನೀವೂ ಹತ್ತಿ ವಾಪಸ್ ಬರ್ಬೇಕು. ಹೆಂಗಸ್ರು ತಮ್ಮಷ್ಟಕ್ಕೆ ತಾವು ರೋಡಲ್ಲಿ ನಡ್ಕೊಂಡು ಹೋಗೋದು ನಮ್ ಮನೇಲಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಏನಮ್ಮಾ ಕಾನ್ವೆಂಟು, ಹೆಬ್ಬೂರು ದಾಟ್ತೀಯಾ?"

"ದಾಟ್ತೀನಿ ಮಾವ," ಎಂದೆ. ಪೂರ್ಣ ವಾಕ್ಯದಲ್ಲಿ.

ಅತ್ತೆ ಆ ಮನೆಗೆ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಅವರು ನಡೆದದ್ದೆಲ್ಲ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ. ಸೊಪ್ಪಿನವಳೂ ಮನೆಬಾಗಿಲಿಗೇ ಬರುತ್ತಿದ್ದಳು. ಹೊರಡುವ ಹಿಂದಿನ ದಿನ ಅವರು ಚೀಲಕ್ಕೆ ತುಂಬಿದ್ದು ಎರಡು ಸೀರೆ, ವಿಭೂತಿ, ಒಂದು ಸೀಸೆ ಹರಳೆಣ್ಣೆ, ಸೂಜಿದಾರ, ಮತ್ತು ನನ್ನ ಕಪ್. ಕಪ್ ಯಾಕೆಂದು ಕೇಳಿದರೆ, "ಬೇಕಾಗತ್ತೆ ಸುಮ್ನಿರು" ಎಂದರು.

ಬೆಳಗಿನ ಜಾವ ಹೊರಟೆವು. ದೊಡ್ಡಮಾವನ ಕೊರಳಲ್ಲಿ ಹಾರ, ಕಾಲಲ್ಲಿ ಚಪ್ಪಲಿ. ತಮಗೆ ಸಕ್ಕರೆ ಕಾಯಿಲೆಯಿರುವುದರಿಂದ ದೇವರು ಚಪ್ಪಲಿಗೆ ವಿನಾಯಿತಿ ಕೊಟ್ಟಿದ್ದಾನೆ ಎಂದರು. ಯಾವಾಗ ಕೊಟ್ಟ ಎಂದು ಯಾರೂ ಕೇಳಲಿಲ್ಲ. ಗೂಳೂರಿನವರೆಗೆ ಅವರೇ ಮುಂದೆ. ಅಲ್ಲಿ ಗಣಪತಿಗೆ ಕಾಯಿ ಒಡೆದು, ಇಡ್ಲಿ ತಿಂದು, "ಮುಂದೆ ವ್ಯವಸ್ಥೆ ನೋಡೋರು ಯಾರು?" ಎಂದು ಹೆಬ್ಬೂರಿನ ಬಸ್ಸು ಹತ್ತಿದರು. ಹಾರ ಹಾಕಿಕೊಂಡೇ ಹತ್ತಿದರು. ಅಲ್ಲಿಂದಾಚೆ ಮೂರು ದಿನ ನಾವು ಯಾವ ಊರಿಗೆ ಹೋದರೂ ಅವರು ನಮಗಿಂತ ಮುಂಚೆ ಅಲ್ಲಿದ್ದರು. ಸರ್ವಾಂತರ್ಯಾಮಿ ಎಂಬ ಪದದ ಅರ್ಥ ನನಗೆ ಆಗ ತಿಳಿಯಿತು.

ಗುಬ್ಬಿ ಕಡೆಯ ನೆಂಟರು ಐದಾರು ಗಂಡಸರು ಕೈಬೀಸಿಕೊಂಡು ಮುಂದೆ ಹೋದರು. ಹಿಂದೆ ಉಳಿದವರು ನಾವು ಮೂವರು. ನನ್ನ ಅಂಗಾಲು ಇಪ್ಪತ್ತೊಂದು ವರ್ಷ ಶೂ ಸಾಕ್ಸಿನೊಳಗೆ ಬೆಳೆದದ್ದು. ಒಬ್ಬಟ್ಟಿನ ಕಣಕದ ಹಾಗಿತ್ತು. ಚಿಕ್ಕತ್ತೆಯದು ಕೊಬ್ಬರಿ ಗಿಟಕು. ಟಾರು ರಸ್ತೆ ಹತ್ತು ಗಂಟೆಗೇ ಕಾದಿತ್ತು. ರಸ್ತೆ ಬಿಟ್ಟು ಪಕ್ಕದ ಮಣ್ಣಿಗಿಳಿದರೆ ಜಾಲಿಮುಳ್ಳು, ಮಣ್ಣು ಬಿಟ್ಟು ರಸ್ತೆಗೆ ಹತ್ತಿದರೆ ಕೆಂಡ. ಬೆನ್ನು ನೆಟ್ಟಗೆ, ಗಲ್ಲ ಮೇಲೆ ಇಟ್ಟುಕೊಂಡು ನಡೆದೆ. ನಾಲ್ಕು ಮೈಲಿಗೆ ಗಲ್ಲ ಇಳಿಯಿತು, ಆರಕ್ಕೆ ಬೆನ್ನು ಬಾಗಿತು. ಹೆಜ್ಜೆಯ ಸದ್ದು ಮಾತ್ರ ಎಲ್ಲರಿಗೂ ಕೇಳುತ್ತಿತ್ತು.

"ಅಯ್ಯೋ ಅದೇನೇ ಹಂಗೆ ಬಾತುಕೋಳಿ ಥರ ಕಾಲಾಕ್ತೀಯಾ?" ಎಂದರು ಚಿಕ್ಕತ್ತೆ. "ಕಪ್ಪು ಹೆಂಗ್ ಕೊಟ್ರೇ ನಿಂಗೆ?"

"ಸುಮ್ನೆ ಬಾರೇ, ಅವ್ಳನ್ನ ಯಾಕೆ ಕೆಣಕ್ತೀಯಾ," ಎಂದರು ಅತ್ತೆ. ಅವರ ದನಿ ಬಂದದ್ದು ಬಹಳ ಮುಂದಿನಿಂದ. ನೋಡಿದರೆ, ಐವತ್ತರ ಹತ್ತಿರದ ಆ ತೆಳ್ಳನೆಯ ಹೆಂಗಸು ನಮಗಿಂತ ಒಂದು ಫರ್ಲಾಂಗು ಮುಂದಿದ್ದರು. ಸೀರೆ ಮೊಣಕಾಲ ಕೆಳಗಿನವರೆಗೆ ಎತ್ತಿ ಸಿಕ್ಕಿಸಿದ್ದರು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಂದಿತ್ತು. ಅದನ್ನು ಅವರು ಸರಿಪಡಿಸಿಕೊಳ್ಳಲೂ ಇಲ್ಲ.

ಹೆಬ್ಬೂರಿನಲ್ಲಿ ಸ್ಕೂಲಿನ ಜಗಲಿಯ ಮೇಲೆ ತಂಗುವುದೆಂದಾಗಿತ್ತು. ಗಂಡಸರು ಆಗಲೇ ಗೋಡೆಗೆ ಕಾಲು ಎತ್ತಿಟ್ಟು ಅಂಗಾತ ಮಲಗಿದ್ದರು. ದೊಡ್ಡಮಾವ ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. "ಲೇಟು," ಎಂದರು. ಆಮೇಲೆ, "ಒಲೆ ಹೂಡಿಟ್ಟಿದೀನಿ." ಅವರು ಮುಂದಾಗಿ ಬಂದು ನೋಡಿದ ವ್ಯವಸ್ಥೆ ಅದು: ಮೂರು ಕಲ್ಲು. ಬಾಕಿ ಅನ್ನ, ಸಾರು, ಮುದ್ದೆ ನಮ್ಮ ಪಾಲಿನದು. ಭಕ್ತಿಯಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ ಎಂದು ಉಂಡಾದ ಮೇಲೆ ಒಬ್ಬರು ಹೇಳಿದರು. ತೇಗುತ್ತ ಹೇಳಿದರು.

ಪಾತ್ರೆ ತೊಳೆದಾದ ಮೇಲೆ ಅತ್ತೆ ಚೀಲದಿಂದ ಕಪ್ ತೆಗೆದರು. ಅದರ ತುಂಬ ಹರಳೆಣ್ಣೆ ಸುರಿದು, ಇಕ್ಕಳದಲ್ಲಿ ಕಿವಿ ಹಿಡಿದು ಕೆಂಡದ ಮೇಲಿಟ್ಟರು. ಒಂದು ಕಿವಿ ಉದುರಿದ್ದು ಆಗಲೇ. ನನ್ನ ಅಂಗಾಲಿನಲ್ಲಿ ಐದು ಬೊಬ್ಬೆ ಎದ್ದಿದ್ದವು, ಹಿಮ್ಮಡಿಯದು ನೆಲ್ಲಿಕಾಯಿಯಷ್ಟಿತ್ತು. ಅತ್ತೆ ಸೂಜಿಯನ್ನು ಬೆಂಕಿಗೆ ಹಿಡಿದು, ಬಿಳಿದಾರ ಪೋಣಿಸಿ, ಬೊಬ್ಬೆಯ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ತೆಗೆದು, ದಾರವನ್ನು ಅಲ್ಲೇ ಬಿಟ್ಟು ಕತ್ತರಿಸಿದರು. ನೀರು ದಾರದ ಗುಂಟ ಇಳಿಯುತ್ತದೆ, ಚರ್ಮ ಕೀಳುವುದಿಲ್ಲ. ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿ ನಾನು ಕರ್ಚೀಫಿನ ಅಂಚಿಗೆ ಹೂವು ಹಾಕಿದ್ದೆ. ಇಲ್ಲಿ ನನ್ನ ಅಂಗಾಲಿಗೇ ಕಸೂತಿಯಾಯಿತು.

"ಅತ್ತೆ, ನಿಮ್ಮ ಕಾಲು?" ಎಂದೆ.

"ನನ್ನ ಕಾಲಿಗೇನಾಗಿದೆ," ಎಂದು ಅವರು ಪಾದವನ್ನು ಸೀರೆಯೊಳಗೆ ಎಳೆದುಕೊಂಡರು.

ಎರಡನೆಯ ದಿನದ ಕಷ್ಟವನ್ನು ಹೇಗೆ ಬರೆಯಲಿ? ಓದುವವರಲ್ಲಿ ಗಂಡಸರೂ ಇರುತ್ತೀರಿ. ಬಿಸಿಲಲ್ಲಿ ಇಡೀ ದಿನ ನಡೆದ ಹೆಂಗಸಿಗೆ ಒಳಲಂಗದೊಳಗೆ ತೊಡೆಗೆ ತೊಡೆ ಉಜ್ಜಿ ಆಗುವ ಉರಿಯ ಬಗ್ಗೆ ಯಾವ ಪುರಾಣದಲ್ಲೂ ಒಂದು ಸಾಲಿಲ್ಲ. ಬರೆದವರು ಪಂಚೆ ಉಡುತ್ತಿದ್ದರಲ್ಲ. ನಾನು ಕಾಲು ಅಗಲಿಸಿ ನಡೆಯುವುದನ್ನು ನೋಡಿದ ಚಿಕ್ಕತ್ತೆ, ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದೊಯ್ದು, ತಮ್ಮ ಗಂಟಿನಿಂದ ಒಂದು ಬಟ್ಟೆ ತೆಗೆದರು. ನೀಲಿ ಬಿಳಿ ಪಟ್ಟಾಪಟ್ಟಿ ಚಡ್ಡಿ. ಮೊಣಕಾಲಿನವರೆಗೆ ಬರುವಂಥದು.

"ತಕ್ಕೋ. ನಿಮ್ ಚಿಕ್ಕಮಾವಂದು. ಒಗ್ದಿದೀನಿ."

"ಅಯ್ಯೋ ಚಿಕ್ಕತ್ತೆ!"

"ಅಯ್ಯೋ ಗಿಯ್ಯೋ ಎಲ್ಲಾ ಬುಡು. ದೇವ್ರು ಸೀರೆ ಎತ್ತಿ ನೋಡ್ತಾನಾ? ನಾನೂ ಒಂದು ಹಾಕ್ಕೊಂಡಿದೀನಿ."

ಹಾಕಿಕೊಂಡೆ. ಆ ಕ್ಷಣದ ಸುಖವನ್ನು ಇಂದಿಗೂ ಮರೆತಿಲ್ಲ. ಚಿಕ್ಕಮಾವನನ್ನು ಮದುವೆ ಮುಂಜಿಗಳಲ್ಲಿ ಕಂಡಾಗೆಲ್ಲ ನನಗೆ ಒಂದು ಬಗೆಯ ಗೌರವ ಉಕ್ಕಿಬರುತ್ತದೆ. ಕಾರಣ ಅವರಿಗೆ ಗೊತ್ತಿಲ್ಲ.

ಮರದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಹೆಂಗಸರಿಗೆ ದಾರಿಯಲ್ಲಿ ಮರಗಳು ಬೇಕಾಗುವುದು ನೆರಳಿಗಷ್ಟೇ ಅಲ್ಲ. ಗಂಡಸರಿಗೆ ಇಡೀ ರಾಜ್ಯವೇ ಒಂದು ಮರ. ನಮಗೆ ದಪ್ಪ ಬುಡದ್ದೇ ಆಗಬೇಕು, ಎರಡು ಕಡೆಯೂ ಲಾರಿ ಬರುತ್ತಿರಬಾರದು. ಇದಕ್ಕೆ ಹೆದರಿ ನಾನು ನೀರೇ ಕುಡಿಯಲಿಲ್ಲ. ನೀರು ಕುಡಿಯದೆ ಮೀನಖಂಡ ಹಿಡಿದುಕೊಂಡು, ಕುಣಿಗಲ್ ಕೆರೆಯ ಏರಿಯ ಮೇಲೆ ಕೂತುಬಿಟ್ಟೆ. ಅತ್ತೆ ಸೆರಗನ್ನು ಕೆರೆಯ ನೀರಿನಲ್ಲಿ ಅದ್ದಿ ತಂದು ಕಾಲಿಗೆ ಸುತ್ತಿದರು. ಸಂಜೆ ಕುದುರೆ ಫಾರಂ ಪಕ್ಕ ಹಾದುಹೋಗುವಾಗ ಬೇಲಿಯಾಚೆ ಕುದುರೆಗಳು ಹೊಳೆಯುವ ಮೈಯಲ್ಲಿ ನಿಂತು ನಮ್ಮನ್ನು ನೋಡಿದವು. ಒಂದೊಂದಕ್ಕೂ ಕಾಲಿಗೆ ಲಾಳ, ಉಜ್ಜಲು ಆಳು, ಹೊತ್ತಿಗೆ ಸರಿಯಾಗಿ ಹುರುಳಿ. ಯಾವುದಾದರೊಂದು ಕುದುರೆ ಆ ಸಂಜೆ ಮನೆ ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದ್ದರೆ ನಾನು ಖಂಡಿತ ಪೂರ್ಣ ವಾಕ್ಯದಲ್ಲಿ ಉತ್ತರಿಸುತ್ತಿದ್ದೆ.

ಅಂತೂ ಹೆಬ್ಬೂರು ದಾಟಿದ್ದೆ, ಕುಣಿಗಲ್ಲೂ ಮುಟ್ಟಿದ್ದೆ. ದೊಡ್ಡಮಾವನಿಗೆ ಇದು ಸರಿಬರಲಿಲ್ಲ. ಛತ್ರದಲ್ಲಿ ಊಟದ ಹೊತ್ತಿಗೆ ನನ್ನ ಕಾಲನ್ನು ಪಂಚಾಂಗ ನೋಡಿದ ಹಾಗೆ ನೋಡಿ, "ನಾಳೆ ಹಾಸನದ ಕಡೆ ದೊಡ್ಡ ರಸ್ತೆ. ಮರ ಇಲ್ಲ, ಮಟ್ಟಿಲ್ಲ. ನೋಡೋಣ," ಎಂದರು.

ಮೂರನೆಯ ದಿನ, ಹನ್ನೊಂದು ಗಂಟೆಯ ಬಿಸಿಲು. ಯಡಿಯೂರು ಇನ್ನು ಐದಾರು ಮೈಲಿ. ಹಿಮ್ಮಡಿಯ ಬೊಬ್ಬೆ ಒಡೆದು, ದಾರ ಎಲ್ಲೋ ಬಿದ್ದು, ಹೆಜ್ಜೆಯಿಟ್ಟಲ್ಲೆಲ್ಲ ಟಾರಿನ ಮೇಲೆ ಒದ್ದೆಯ ಗುರುತು. ಅತ್ತೆ ಇಪ್ಪತ್ತು ಮಾರು ಮುಂದೆ, ಚಿಕ್ಕತ್ತೆ ನನ್ನ ಪಕ್ಕ. ಆಗ ಹಿಂದಿನಿಂದ ಒಂದು ಪ್ರೈವೇಟ್ ಬಸ್ಸು ಹಾರನ್ ಹೊಡೆಯುತ್ತ ಬಂದು, ಸರಿಯಾಗಿ ನನ್ನ ಪಕ್ಕ ನಿಂತಿತು. ಕಿಟಕಿಯಲ್ಲಿ ದೊಡ್ಡಮಾವ. ಕೈಯಲ್ಲಿ ಬಾಳೆಹಣ್ಣು.

"ಹತ್ತಮ್ಮಾ, ಹತ್ತು," ಎಂದರು. ಮೂರು ದಿನದಲ್ಲಿ ಅವರ ದನಿ ಅಷ್ಟು ಮೆತ್ತಗಾದದ್ದು ಅದೇ ಮೊದಲು. "ರಕ್ತ ಬರ್ತಿದೆ ನೋಡು ಕಾಲಲ್ಲಿ. ದೇವ್ರು ಏನೂ ಅನ್ಕೊಳ್ಳಲ್ಲ. ಸೀಟು ಹಿಡ್ದಿದೀನಿ."

ಚಪ್ಪಲಿಗೆ ಸಿಕ್ಕಿದ ವಿನಾಯಿತಿಯೇ ನನಗೂ ಸಿಗುತ್ತಿತ್ತು. ಒಳಗೆ ನೆರಳಿತ್ತು. ಒಬ್ಬ ಹೆಂಗಸು ನನಗಾಗಿ ಆಗಲೇ ಸರಿದು ಕೂತಿದ್ದಳು. ಕಂಡಕ್ಟರ್ ಬಾಗಿಲು ತೆರೆದು, "ಬೇಗ ಬೇಗ, ಬರ್ತೀರೋ ಇಲ್ವೋ ಹೇಳ್ರಮ್ಮಾ," ಎಂದ.

ನಾನು ಬಲಗಾಲು ಎತ್ತಿ ಫುಟ್‌ಬೋರ್ಡಿನ ಮೇಲೆ ಇಟ್ಟೆ. ನೆರಳಿನಲ್ಲಿದ್ದ ಕಬ್ಬಿಣ. ಅಷ್ಟು ತಣ್ಣಗಿನ ವಸ್ತುವನ್ನು ನಾನು ಜೀವನದಲ್ಲಿ ಮುಟ್ಟಿರಲಿಲ್ಲ.

"ಹಾಂ, ಹಂಗೆ. ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದು ದೊಡ್ಡಮಾವ ಹಣ್ಣಿನ ಸಿಪ್ಪೆಯನ್ನು ಆಚೆ ಎಸೆದು, ಕುತ್ತಿಗೆ ಹೊರಗೆ ಚಾಚಿ ಮುಂದಕ್ಕೆ ಕೂಗಿದರು: "ಏಯ್, ನೀನೂ ಬಾ! ಹರಕೆಯೋಳೇ ಹತ್ತಿದ್ಮೇಲೆ ನಿಂದೇನು ನಡೆಯೋದು? ಇನ್ಮೇಲೆ ನಮ್ಮನೇಲಿ ಹೆಂಗಸ್ರು ಈ ಮಾತೆತ್ತಂಗಿಲ್ಲ, ಗೊತ್ತಾಯ್ತಾ!"

ಅತ್ತೆ ತಿರುಗಿ ನಿಂತಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದರು. ಯಾರೋ ಕೈಯಿಂದ ಕಿತ್ತುಕೊಳ್ಳಲು ಬಂದ ಹಾಗೆ. ಒಳಗಿನ ಕಪ್ ಎಣ್ಣೆಸೀಸೆಗೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ನಿಂತ ಬಸ್ಸಿನ ಸದ್ದಿನಲ್ಲೂ ಅದು ನನಗೆ ಕೇಳಿಸಿತು. ಗಂಡ ಸತ್ತಾಗಲೂ ಅಳಲಿಲ್ಲವೆಂದು ಗುಬ್ಬಿಯ ನೆಂಟರು ಆಡಿಕೊಳ್ಳುವ ಹೆಂಗಸು. ಆ ಮುಖದಲ್ಲಿ ಹೆದರಿಕೆ ಕಂಡದ್ದು ನನಗೆ ಅದೇ ಮೊದಲು.

ಕಾಲು ಕೆಳಗಿಳಿಸಿದೆ.

"ಇಲ್ಲ ಮಾವ, ನಾನು ನಡ್ಕೋತೀನಿ," ಎಂದೆ. ಈ ಸಲ ಕ್ರಿಯಾಪದ ಸರಿಯಾಗಿಯೇ ಬಿತ್ತು.

"ರೈಟ್ ರೈಟ್," ಎಂದ ಕಂಡಕ್ಟರ್. ದೊಡ್ಡಮಾವ ಏನೋ ಕೂಗುತ್ತ ದೂರವಾದರು. ಚಿಕ್ಕತ್ತೆ ಹೋಗುತ್ತಿದ್ದ ಬಸ್ಸಿನ ಹಿಂಭಾಗಕ್ಕೆ ಲಟಿಕೆ ಮುರಿದರು. ಅತ್ತೆ ಹಿಂದಕ್ಕೆ ನಡೆದು ಬಂದು, ತಮ್ಮ ಸೆರಗಿನ ಅಂಚು ಹರಿದು, ನನ್ನ ಹಿಮ್ಮಡಿಗೆ ಕಟ್ಟಿದರು. ಆಮೇಲೆ ಇಡೀ ದಾರಿ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು.

ಯಡಿಯೂರು ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ದೇವಸ್ಥಾನದ ನಲ್ಲಿಯ ಕೆಳಗೆ ಮೂವರೂ ಸಾಲಾಗಿ ಕಾಲು ಚಾಚಿ ಕೂತೆವು. ಆಗ ನೋಡಿದೆ: ಅತ್ತೆಯ ಅಂಗಾಲು ನನ್ನದಕ್ಕಿಂತ ಕೆಟ್ಟುಹೋಗಿತ್ತು. ಎರಡೂ ಕಾಲಿನಲ್ಲಿ ಅವರೇ ಹೊಲಿದುಕೊಂಡ ಬಿಳಿದಾರದ ತುಂಡುಗಳು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಒಂದು ಮಾತು ಹೇಳ್ಬೇಕು. ನಾನು ಯಾವ ಹರಕೆಯನ್ನೂ ಹೊತ್ತಿರ್ಲಿಲ್ಲ. ಅವತ್ತು ನೀವು ಕೇಳಿದ್ದು ನಂಗೆ ಅರ್ಥ ಆಗ್ಲಿಲ್ಲ. ನಡ್ಕೊಳ್ಳೋದು ಅಂದ್ರೆ ನಡೆಯೋದು ಅಂದ್ಕೊಂಡೆ."

ಅತ್ತೆ ಹಿಮ್ಮಡಿ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ."

"ಗೊತ್ತಾ?"

"ನಡ್ಕೋತೀರಾ ಅಂತ ಕೇಳಿದ್ರೆ ಕಪ್ಪಿದೆ ಅಂದವಳು ನೀನು. ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದರು. "ನನ್ನ ಮಗಂಗೆ ಐದು ವರ್ಷ ಇದ್ದಾಗ ಜ್ವರ ಬಂದು ಕಣ್ಣು ಮೇಲಾಗಿತ್ತು. ನಡ್ಕೊಂಡು ಬರ್ತೀನಿ ಕಣಪ್ಪಾ ಅಂತ ಅವತ್ತು ಬೇಡ್ಕೊಂಡೆ. ಆಮೇಲೆ ಪ್ರತಿ ವರ್ಷ ಕೇಳ್ದೆ. ಹೆಂಗಸ್ರಿಗೆ ಮನೇಲಿ ನಡೆಯೋದೇ ಸಾಕಷ್ಟಿದೆ ಅಂದ್ರು ನಿಮ್ ದೊಡ್ಡಮಾವ. ನನ್ನ ಹರಕೆಗೆ ಬೆಲೆ ಇರ್ಲಿಲ್ಲ. ಹೊಸಾ ಹುಡುಗಿ ಹರಕೆ ಅಂದ್ರೆ ಬೀಗರ ಮುಂದೆ ಇಲ್ಲ ಅನ್ನಕ್ಕಾಗುತ್ತಾ?"

ಹಲ್ಲಿಗೆ ಸಿಕ್ಕಿದ್ದು ಅಡಿಕೆ ಚೂರಲ್ಲ ಎಂದು ನನಗೆ ತಿಳಿದದ್ದು ಆಗ. ನನ್ನ ಕಾಲಿನ ಮೇಲೆ ಅತ್ತೆ ತಮ್ಮ ಇಪ್ಪತ್ತು ವರ್ಷದ ಹರಕೆಯನ್ನು ಹೊರಿಸಿ ನಡೆಸಿಕೊಂಡು ಬಂದಿದ್ದರು. ಕೋಪ ಬರಬೇಕಿತ್ತು. ನಗು ಬಂತು. ಚಿಕ್ಕತ್ತೆ, "ಭಲೇ ಅಕ್ಕಯ್ಯಾ, ನಂಗೂ ಹೇಳಿಲ್ವಲ್ಲೇ ನೀನು," ಎಂದು ಅಕ್ಕನ ತೊಡೆಗೆ ಹೊಡೆದರು. ತೊಡೆಯೂ ಉರಿಯುತ್ತಿತ್ತೇನೋ, ಅತ್ತೆ "ಹಾ" ಎಂದರು.

ಅಷ್ಟರಲ್ಲಿ ದೊಡ್ಡಮಾವ ಬಂದರು, ಮಡಿಯುಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು. ಹಿಂದೆಯೇ ನನ್ನ ಗಂಡ. ಮೂರು ದಿನದ ರಜ ಸಿಗಲಿಲ್ಲವೆಂದು ಅಂದು ಬೆಳಗ್ಗೆ ಬಸ್ಸಿನಲ್ಲಿ ಬಂದವರು. ಇಸ್ತ್ರಿ ಮಾಡಿದ ಶರ್ಟು. ನನ್ನನ್ನು ನೋಡಿ, "ಕಾಲು ನೋವಾ?" ಎಂದು ಕೇಳಿದರು. ಆ ಪ್ರಶ್ನೆಗೆ ತಕ್ಕ ಉತ್ತರವನ್ನು ನಾನು ಇಂದಿನವರೆಗೂ ಹುಡುಕುತ್ತಿದ್ದೇನೆ.

ದೊಡ್ಡಮಾವನಿಗೆ ಕಾಲಿನ ನೋವು ಮುಖ್ಯವಾಗಿರಲಿಲ್ಲ. "ನೋಡು, ನಾನು ಕಣ್ಣಾರೆ ನೋಡಿದೀನಿ," ಎಂದು ಅತ್ತೆಗೆ ಬೆರಳು ತೋರಿಸಿದರು. "ಬಸ್ಸಿಗೆ ಕಾಲಿಟ್ಟಿದಾಳೆ. ಒಂದು ಕಾಲು ಇಟ್ರೂ ಇಟ್ಟಂಗೇ. ಹರಕೆ ಕೆಟ್ಟೋಯ್ತು!"

ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕಾಲು ಒತ್ತಿದರು. ಮೆಲ್ಲಗೆ ಎದ್ದು ನಿಂತು, ಮೂರು ದಿನದಿಂದ ಹೆಗಲ ಮೇಲೇ ಇದ್ದ ಹರಿದ ಸೆರಗನ್ನು ತಲೆಗೆ ಹೊದ್ದು, ತಗ್ಗಿದ ದನಿಯಲ್ಲಿ ಹೇಳಿದರು:

"ಹೌದು ಭಾವನೋರೆ. ನೀವು ಹೇಳೋದು ಸರಿ. ಕೆಟ್ಟೋಯ್ತು. ನೀವೇ ಹೇಳಿದ್ರಲ್ಲ, ಮತ್ತೆ ತುಮಕೂರಿಂದ್ಲೇ ಶುರು ಅಂತ." ಒಂದು ಉಸಿರು ಬಿಟ್ಟು, "ಏನ್ ಮಾಡೋದು. ಮುಂದಿನ ವರ್ಷ ಮತ್ತೆ ನಡೆಸ್ಕೊಂಡು ಬರ್ತೀನಿ."

ದೊಡ್ಡಮಾವ ಎತ್ತಿದ ಬೆರಳು ಎತ್ತಿದ ಹಾಗೇ ಇತ್ತು.

ಮುಂದಿನ ವರ್ಷ ನಡೆದೆವು. ಆ ಸಲ ಕುಣಿಗಲ್ ಹತ್ತಿರ ಚಿಕ್ಕತ್ತೆಯ ಕೈಚೀಲವನ್ನು ಯಾರೋ ಸೈಕಲ್ ಮೇಲೆ ಸ್ವಲ್ಪ ದೂರ ತಂದುಕೊಟ್ಟರು. ಚೀಲ ಗಾಡಿ ಹತ್ತಿತು, ಹರಕೆ ಕೆಟ್ಟಿತು ಎಂದರು ಅತ್ತೆ. ಅದರ ಮುಂದಿನ ವರ್ಷ ನಾನು ಬಸುರಿ, ಒಂದು ಜೀವ ನಡೆಯದೆ ಕೂತೇ ಬಂತಲ್ಲ, ಅದೂ ಲೆಕ್ಕಕ್ಕಿಲ್ಲ. ಪ್ರತಿ ವರ್ಷ ಏನಾದರೊಂದು ಕೆಡುತ್ತದೆ. ಕೆಟ್ಟದ್ದನ್ನು ಹುಡುಕಿ ತೆಗೆಯುವುದರಲ್ಲಿ ಅತ್ತೆಯಷ್ಟು ಶ್ರದ್ಧೆ ಇನ್ನಾರಿಗೂ ಇಲ್ಲ. ದೊಡ್ಡಮಾವ ತಾವೇ ಮಾಡಿದ ನಿಯಮದೊಳಗೆ ಸಿಕ್ಕಿಕೊಂಡು, ಈಗಲೂ ಗೂಳೂರಿನವರೆಗೆ ಹಾರ ಹಾಕಿಕೊಂಡು ಬರುತ್ತಾರೆ.

ಶಿವರಾತ್ರಿ ಕಳೆದ ಮೇಲೆ ಒಂದು ವಾರ ನಾನು ಗೋಡೆ ಹಿಡಿದು ಬಾತುಕೋಳಿಯ ಹಾಗೆ ನಡೆಯುವುದನ್ನು ಮಗಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಅದಕ್ಕೇ ಫಸ್ಟ್ ಎಂದರೆ ಅವಳಿಗೆ ಅಷ್ಟು ನಗು. ಬಿಕ್ಕಳಿಕೆ ನಿಂತ ಮೇಲೆ ಅವಳು ಕಪ್ಪನ್ನು ಹಿಟ್ಟಿನ ಡಬ್ಬಿಗೆ ಹಾಕಲು ಹೋದಳು. ಹಾಕುತ್ತ, "ಅಮ್ಮಾ, ನಿನ್ನ ಹರಕೆ ಯಾವಾಗ ತೀರತ್ತೆ?" ಎಂದು ಕೇಳಿದಳು.

ನಾನು ಪೂರ್ಣ ವಾಕ್ಯವೊಂದನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಡುಮನೆಯಿಂದ, ದೊಡ್ಡಮಾವನ ಕುರ್ಚಿಯ ದಿಕ್ಕಿನಿಂದಲೇ, ಅತ್ತೆಯ ದನಿ ಬಂತು. ಆ ಕುರ್ಚಿಯಲ್ಲಿ ಈಗ ಹೆಚ್ಚಾಗಿ ಅವರೇ ಕೂರುತ್ತಾರೆ. ಕಾಲು ನೋವು ನೋಡಿ, ನೆಲಕ್ಕೆ ಕೂರಲಾಗುವುದಿಲ್ಲ.

"ಆ ಕಪ್ ಒಳಗೆ ಹಾಕ್ಬೇಡ ಮಗಾ, ಒರೆಸಿ ಈಚೆ ಇಡು. ಶಿವರಾತ್ರಿ ಹತ್ರ ಬಂತು."